ಸುಣ್ಣ ಹತ್ತದ ಅಂಗಾಲು

ಯಾರೂ ಬಯ್ಯಲಿಲ್ಲ. ಬೆಳಗಿನಿಂದ ಮರಿಲಿಂಗ ಅದನ್ನೇ ಕಾಯುತ್ತಿದ್ದ. ಹಲ್ಲುಜ್ಜುವಾಗ ಫೋನನ್ನು ಬಚ್ಚಲ ಕಟ್ಟೆಯ ಮೇಲೆ ಇಟ್ಟಿದ್ದ, ಚಹಾ ಕುಡಿಯುವಾಗ ತೊಡೆಯ ಮೇಲೆ, ಮಂಡಕ್ಕಿ ಸೂಸಲಾ ತಿನ್ನುವಾಗ ತಾಟಿನ ಪಕ್ಕಕ್ಕೆ. ಫೋನು ಬಂದರೆ ಕೂಡಲೇ ಎತ್ತಬೇಕು, ತಡಮಾಡಿದರೆ ಹೆದರಿದ್ದಾನೆ ಎಂದುಕೊಳ್ಳುತ್ತಾರೆ. ಆಡಬೇಕಾದ ಮಾತನ್ನೂ ಕನ್ನಡಿಯ ಮುಂದೆ ನಿಂತು ಸಿದ್ಧಮಾಡಿಕೊಂಡಿದ್ದ. "ಸಾಹುಕಾರ್ರೇ, ಕಣ್ಣಿಲೆ ಕಂಡದ್ದು ಬರದೀನಿ. ಬೇಕಾದ್ರ ಚಂದಾ ಬಿಡ್ರಿ." ಎರಡನೆಯ ಸಲ ಹೇಳುವಾಗ ‘ಬೇಕಾದ್ರ’ ಹೋಗಿ ‘ನಿಮ್ಮ ಮರ್ಜಿರಿ’ ಬಂತು. ಮೂರನೆಯ ಸಲಕ್ಕೆ ಚಂದಾ ಬಿಡುವ ಮಾತೇ ಉಳಿಯಲಿಲ್ಲ. ಕನ್ನಡಿಯೊಳಗಿನ ಮನುಷ್ಯನ ಮೇಲೆ ಅವನಿಗೆ ಸಿಟ್ಟು ಬಂತು. ಸತ್ಯ ಬರೆದವನ ಮುಖ ಹೀಗಿರುತ್ತದೆಯೇ ಎಂದು ಕೇಳಿಕೊಂಡ. ಭಾನುವಾರವಾದ್ದರಿಂದ ಸುರಪುರದ ಆ ಓಣಿಯಲ್ಲಿ ಎಲ್ಲರೂ ತಡವಾಗಿ ಎದ್ದಿದ್ದರು, ನಲ್ಲಿಗೆ ನೀರು ಬಂದಿತ್ತು, ಜಗಳವೂ ಶುರುವಾಗಿತ್ತು.

ಪತ್ರಿಕೆಯಲ್ಲಿದ್ದಾಗ ಬಯ್ಗುಳಕ್ಕೂ ಒಂದು ದಾರಿ ಇತ್ತು. ಅದು ಮೊದಲು ಕಲಬುರಗಿಯ ಕಚೇರಿಗೆ ಹೋಗುತ್ತಿತ್ತು, ಅಲ್ಲಿ ಯಾರೋ ಒಬ್ಬರು ಅದನ್ನು ಅರ್ಧ ನುಂಗಿಕೊಂಡು, ಉಳಿದರ್ಧವನ್ನು ಫೋನಿನಲ್ಲಿ ಇವನಿಗೆ ದಾಟಿಸುತ್ತಿದ್ದರು. ಅಷ್ಟರಲ್ಲಿ ಅದರ ಕಾವು ಆರಿರುತ್ತಿತ್ತು. ಪತ್ರಿಕೆಯ ಮಾಲೀಕನನ್ನು ಅವನು ಒಂದು ಸಲವೂ ನೋಡಿರಲಿಲ್ಲ. ನೋಡದ ಮಾಲೀಕನಷ್ಟು ಸುಖ ಬೇರೆ ಇಲ್ಲ ಎಂದು ಈಗ ಅನಿಸುತ್ತಿತ್ತು. ಆಗ ಜಿಲ್ಲೆಗೆ ಒಂದು ಪುಟ ಇತ್ತು, ಆ ಪುಟದಲ್ಲಿ ಆಟಕ್ಕೆ ಒಂದು ಮೂಲೆ ಇತ್ತು, ಆ ಮೂಲೆ ಮರಿಲಿಂಗನದು. ದೋರನಹಳ್ಳಿಯ ಕುಸ್ತಿ, ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ವಾಲಿಬಾಲ್, ಯಾದಗಿರಿಯ ಖೋ ಖೋ. ಹೆಸರಿಲ್ಲದೆ ‘ನಮ್ಮ ವರದಿಗಾರ’ ಎಂದು ಬರುತ್ತಿತ್ತು, ಆದರೂ ಊರೂರಿನಲ್ಲಿ ಅವನನ್ನು ಪೇಪರ್ ಮರಿಲಿಂಗಪ್ಪ ಎನ್ನುತ್ತಿದ್ದರು. ಆಮೇಲೆ ಪುಟ ಎರಡು ಜಿಲ್ಲೆಗೆ ಹಂಚಿಹೋಯಿತು, ಆಮೇಲೆ ಮೂರು ಜಿಲ್ಲೆಗೆ. ಅವನ ಮೂಲೆ ಸಾಬೂನಿನ ಚೂರಿನಂತೆ ಸವೆಯುತ್ತ ಬಂತು. ಕೊನೆಗೊಂದು ಮಧ್ಯಾಹ್ನ ಕಲಬುರಗಿಯಿಂದ ಹೊಸ ದನಿಯೊಂದು, "ಇನ್ ಮ್ಯಾಲೆ ಕಳಸಬ್ಯಾಡ್ರಿ ಸರ್, ಹಾಕಾಕ ಜಾಗಾ ಇಲ್ಲ" ಎಂದಿತು. ಬಯ್ದಿದ್ದರೂ ಚೆನ್ನಾಗಿತ್ತು. ಅವನು ಆವತ್ತು ಬರೆದ ಸುದ್ದಿಯನ್ನು ಕಳಿಸಿಯೇಬಿಟ್ಟ. ಮರುದಿನ ಪತ್ರಿಕೆಯನ್ನು ಹಿಂದುಮುಂದು ಮಾಡಿ ಹುಡುಕಿದ.

ಈಗ ಇರುವುದು ‘ಸಗರನಾಡ ಅಂಗಳ’, ಅವನೊಬ್ಬನೇ ನಡೆಸುವ ಆಟದ ಸುದ್ದಿತಾಣ. ಫೋನಿನಲ್ಲೇ ಬರುತ್ತದೆ, ಫೋನಿನಲ್ಲೇ ಹೋಗುತ್ತದೆ. ಅದನ್ನು ಕಟ್ಟಿಕೊಟ್ಟವನು ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ತೌಫೀಕ್. ಪುಕ್ಕಟೆ ಕೊಟ್ಟರೆ ಯಾರೂ ಬೆಲೆ ಕೊಡುವುದಿಲ್ಲ, ಎರಡು ಸಾಲು ಹೊರಗೆ ಇರಲಿ, ಉಳಿದದ್ದಕ್ಕೆ ಕೀಲಿ ಇರಲಿ, ಚಂದಾ ಕಟ್ಟಿದವರಿಗಷ್ಟೇ ತೆರೆಯಲಿ ಎಂದು ಹೇಳಿಕೊಟ್ಟವನೂ ಅವನೇ. "ವಾಸನಿ ಬರಬೇಕು, ಊಟ ಕಾಣಬಾರದು ನೋಡ್ರಿ ಭಾಯಿ" ಎಂದಿದ್ದ. ಹಾಗೆ ಕೀಲಿ ತೆಗೆಸಿಕೊಂಡು ಒಳಗೆ ಬಂದವರು ಕೆಲವು ಪಿ.ಟಿ. ಮಾಸ್ತರರು, ಮಗನ ಹೆಸರು ಬರಲಿ ಎನ್ನುವ ಕೆಲವು ತಂದೆಯರು, ಮತ್ತು ಶಹಾಪುರದ ಬಸವಂತರಾಯ ಸಾಹುಕಾರರು. ಅವರು ತಮ್ಮ ಕ್ಲಬ್ಬಿನ ಅಷ್ಟೂ ಜನಕ್ಕೆ ಒಟ್ಟಿಗೇ ಚಂದಾ ಕಟ್ಟಿದ್ದರು. ಅವರಿಲ್ಲದಿದ್ದರೆ ಅಂಗಳ ಹೋದ ಮಳೆಗಾಲವನ್ನೇ ದಾಟುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಈ ಮಾತನ್ನು ಮರಿಲಿಂಗ ಹೆಂಡತಿ ಸಪ್ನಾಳಿಗೆ ಮಾತ್ರ ಹೇಳಿರಲಿಲ್ಲ. ಸಪ್ನಾ ಸರ್ಕಾರಿ ಶಾಲೆಯ ಟೀಚರ್. ತಿಂಗಳಿಗೆ ಸರಿಯಾಗಿ ಸಂಬಳ ಬರುವವರ ಮುಂದೆ ಕೆಲವು ಮಾತು ಬಾಯಿಗೆ ಬರುವುದಿಲ್ಲ.

ಶುಕ್ರವಾರ ಶಹಾಪುರದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್ ಇತ್ತು. ಆಡಿಸಿದವರು ಸಾಹುಕಾರರು, ಒಂದು ತಂಡ ಅವರ ಕ್ಲಬ್ಬಿನದು, ಅಂಪಾಯರನೂ ಅವರು ಕರೆಸಿದವನೇ. ಎದುರು ತಂಡ ದೇವಾಪುರದ್ದು. ಅಂಕ ಸರಿಸಮವಾಗಿ ನಿಂತಾಗ ಕೊನೆಯ ರೇಡಿಗೆ ದೇವಾಪುರದ ಸುಮಲತಾ ಹೋದಳು. ಕುರಿ ಕಾಯುವವರ ಮನೆಯ ಹುಡುಗಿ, ಉದ್ದ ಕಾಲು, ಉಸಿರು ಬಿಡದೆ ಎಷ್ಟು ಹೊತ್ತಾದರೂ ಕಬಡ್ಡಿ ಕಬಡ್ಡಿ ಎನ್ನಬಲ್ಲವಳು. ಮೂಲೆಯ ಹುಡುಗಿಯನ್ನು ಬೆರಳ ತುದಿಯಿಂದ ಮುಟ್ಟಿ, ಹೊರಳಿ, ಬದಿಯ ಗೆರೆಯ ಪಕ್ಕಕ್ಕೆ ಕಾಲೂರಿ ಜಿಗಿದು ತನ್ನ ಅಂಕಣಕ್ಕೆ ಬಂದಳು. ಅಂಪಾಯರ್ ಸೀಟಿ ಊದಿ, ಗೆರೆ ತುಳಿದೆ, ಔಟ್ ಎಂದ. ಮರಿಲಿಂಗ ಆ ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಫೋನು ಮಾತ್ರ ಆ ಕ್ಷಣದಲ್ಲಿ ಸಾಹುಕಾರರ ಬ್ಯಾನರಿನ ಕಡೆ ತಿರುಗಿತ್ತು. ಅವರೇ ಹಾಗೆ ತಿರುಗಿಸು ಎಂದು ವೇದಿಕೆಯಿಂದ ಕೈಸನ್ನೆ ಮಾಡಿದ್ದರು. ಆದ್ದರಿಂದ ಫೋನು ಕಾಣಲಿಲ್ಲ, ಅವನು ಕಂಡ. ಕಾಲು ಗೆರೆಗಿಂತ ಒಳಗೇ ಬಿದ್ದಿತ್ತು.

ಆಮೇಲೆ ಆ ಹುಡುಗಿ ಮಾಡಿದ ಕೆಲಸ ಯಾರೂ ಮಾಡಬಾರದ್ದು. ವಾದ ಮಾಡಲಿಲ್ಲ, ಅಳಲಿಲ್ಲ. ಒಂದು ಕಾಲ ಮೇಲೆ ನಿಂತು ಇನ್ನೊಂದು ಕಾಲನ್ನು ಎತ್ತಿ ಅಂಗಾಲು ತೋರಿಸಿದಳು. ಗೆರೆ ಹಾಕಿದ್ದು ಆಗತಾನೆ ಉದುರಿಸಿದ ಸುಣ್ಣದ ಪುಡಿಯಿಂದ. ತುಳಿದಿದ್ದರೆ ಬೆವೆತ ಕಾಲಿಗೆ ಅದು ಹತ್ತಲೇಬೇಕು. ಅಂಗಾಲಿನಲ್ಲಿ ಕರಿಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಯಾರೂ ಸುಣ್ಣ ನೋಡುತ್ತಿರಲಿಲ್ಲ. ಹಿರಿಯರ ಮುಂದೆ ಕಾಲು ಎತ್ತಿ ತೋರಿಸಿದಳಲ್ಲ, ಎಷ್ಟು ಸೊಕ್ಕು ಎಂದು ವೇದಿಕೆಯ ಮೇಲಿದ್ದವರೆಲ್ಲ ಎದ್ದು ನಿಂತರು. "ಅಂಪಾಯರಿಗೆ ಕಾಲು ತೋರಸ್ತಿಯಾ? ಮೊದಲು ಅವರ ಕಾಲು ಮುಟ್ಟು" ಎಂದು ಸಾಹುಕಾರರು ಮೈಕಿನಲ್ಲೇ ಹೇಳಿದರು. ಗೆರೆಯ ಮಾತು ಅಲ್ಲಿಗೆ ಮುಗಿದು ಮರ್ಯಾದೆಯ ಮಾತು ಶುರುವಾಯಿತು. ಹುಡುಗಿ ಹೋಗಿ ಅಂಪಾಯರನ ಕಾಲು ಮುಟ್ಟಿದಳು. ಶಹಾಪುರಕ್ಕೆ ಕಪ್ ಹೋಯಿತು.

ಶನಿವಾರ ಸಂಜೆ ಮರಿಲಿಂಗ ಅದನ್ನೆಲ್ಲ ಬರೆದ. ಬಹಳ ದಿನದ ಮೇಲೆ ಬೆರಳು ತಡೆಯದೆ ಓಡಿದವು. ಸುಣ್ಣ ಹತ್ತದ ಅಂಗಾಲನ್ನು ಬರೆದ, ಕಾಲು ಮುಟ್ಟಿಸಿದ್ದನ್ನು ಬರೆದ, ಗೆದ್ದದ್ದು ದೇವಾಪುರ ಎಂದೇ ಬರೆದ. ಎದೆ ಹಗುರಾಯಿತು. ಈಗ ಕಾಯುತ್ತಿದ್ದದ್ದು ಅದರ ಬೆಲೆಯನ್ನು.

ಫೋನು ಬಂದದ್ದು ಸಪ್ನಾ ಬಟ್ಟೆ ಹಿಂಡುತ್ತಿದ್ದಾಗ. ಪರದೆಯ ಮೇಲೆ ಸಾಹುಕಾರರ ಹೆಸರು. ಕೂಡಲೇ ಎತ್ತಬೇಕೆಂದವನು ಮೂರು ರಿಂಗು ಬಿಟ್ಟ.

"ಏನ್ ಮರಿಲಿಂಗಪ್ಪ, ಭಾರೀ ಬರ್ದೀಯಲ್ಲೋ" ಎಂದರು ಬಸವಂತರಾಯರು. ದನಿಯಲ್ಲಿ ನಗೆ ಇತ್ತು. "ಬೆಳಿಗ್ಗೆ ಎಲ್ಲಾರಿಗೂ ಕಳಿಸೀನಿ. ನಮ್ಮ ಹುಡುಗ್ಯಾರು ಖುಷಿ ಆಗ್ಯಾರ. ಫೋಟೋದಾಗ ಬ್ಯಾನರ್ ಜರಾ ಕಟ್ ಆಗೈತಿ, ಮುಂದಿನ ಸಲ ನೋಡಿಕೋ."

"ಪೂರ್ತಿ ಓದೀರೇನ್ರಿ?" ಎಂದು ಕೇಳಿದ ಮರಿಲಿಂಗ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿತು.

"ಓದೀನಪ್ಪ. ಒಂದ ಅಂಕದಿಂದ ಗೆದ್ವಿ ಅಂತ ಮೊದಲೇ ಹಾಕೀಯಲ್ಲ. ಮತ್ತೇನ್ ಬೇಕು? ಈ ಸಲ ಚಂದಾಕ್ಕ ನಮ್ಮ ಅಳಿಯನ ಕ್ಲಬ್ಬಿಗೂ ಹೇಳ್ತೀನಿ ತಗೋ."

"ಉಪಕಾರ ಆತ್ರಿ" ಎಂದ ಮರಿಲಿಂಗ. ಫೋನಿಟ್ಟ ಮೇಲೆ ಮೊದಲು ಬಂದದ್ದು ಸಮಾಧಾನ, ಅದರ ಬೆನ್ನಿಗೇ ನಾಚಿಕೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಎಂದು ಸಾಹುಕಾರರನ್ನು ಬಯ್ದುಕೊಳ್ಳಲು ನೋಡಿದ. ಬಯ್ಗುಳ ಸರಿಯಾಗಿ ಕೂರಲಿಲ್ಲ. ಕಿನ್ನರಿ ಬಾರಿಸಿದವನು ಅದು ಕೇಳದಿರಲಿ ಎಂದೇ ಮೆಲ್ಲಗೆ ಬಾರಿಸಿದ್ದರೆ ಕೋಣ ಏನು ಮಾಡೀತು? ಓದುವವರು ಎಲ್ಲಿಯವರೆಗೆ ಓದಿದರು ಎಂದು ನೋಡುವ ಜಾಗವನ್ನು ತೌಫೀಕ್ ಅವನಿಗೆ ತೋರಿಸಿದ್ದ. ತೆರೆದು ನೋಡಿದ. ಚಂದಾ ಕಟ್ಟದವರು ಕೀಲಿಯ ಹತ್ತಿರ ನಿಂತಿದ್ದರು, ಅದು ಸರಿ. ಚಂದಾ ಕಟ್ಟಿದವರೂ ಅಲ್ಲಿಯೇ ನಿಂತಿದ್ದರು. ಎರಡು ಸಾಲು ಓದಿ, ಮೆಚ್ಚಿ, ಮುಂದಕ್ಕೆ ಕಳಿಸಿ, ಎಲ್ಲರೂ ತಂತಮ್ಮ ಕೆಲಸಕ್ಕೆ ಹೋಗಿದ್ದರು.

"ಯಾರ್ದು ಫೋನು?" ಎಂದಳು ಸಪ್ನಾ.

"ಸಾಹುಕಾರ್ದು. ಛಲೋ ಬರ್ದೀ ಅಂದ."

"ಛಲೋ ಆತಲ್ಲ ಮತ್ತ. ಮಾರಿ ಯಾಕ ಹಿಂಗ ಮಾಡೀರಿ?"

"ನೀ ಓದೀಯೇನು?"

"ನಾ ಎಲ್ಲಿಂದ ಓದಲಿ, ನನಗೂ ಕೀಲಿ ಹಾಕೀರಿ" ಎಂದು ಅವಳು ಬಕೆಟ್ ಎತ್ತಿಕೊಂಡು ಮಾಳಿಗೆಗೆ ಹೋದಳು. ಅವಳು ಕುಚೋದ್ಯಕ್ಕೆ ಹೇಳಿದ್ದು. ಆದರೆ ಅದು ನಿಜವೇ ಆಗಿತ್ತು. ಹೆಂಡತಿಗೆ ಒಂದು ಕೀಲಿ ಕೊಡಬೇಕೆಂದು ಅವನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಬಾಗಿಲಲ್ಲಿ ಯಾರೋ ನಿಂತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ತಲೆ ಮೇಲೆ ಸೆರಗು, ಕಂಕುಳಲ್ಲಿ ಒಂದು ಚೀಲ. ಹೊಸ್ತಿಲ ಹೊರಗೇ ನಿಂತಿದ್ದಳು. ತನ್ನ ಹೊಸ್ತಿಲಿನಲ್ಲಿ ಜನ ತಡೆಯುವ ರೀತಿಯನ್ನು ಮರಿಲಿಂಗ ಚಿಕ್ಕಂದಿನಿಂದ ಓದುತ್ತ ಬಂದವನು. ಒಳಗೋಡೆಯ ಬುದ್ಧನ ಪಟ ಕಂಡೊಡನೆ ‘ಇಲ್ಲೇ ಅರಾಮ್ ಐತ್ರಿ’ ಎನ್ನುವವರು ಎಷ್ಟೋ ಜನ. ಆ ಹಳೆಯ ಕಹಿ ಗಂಟಲಿಗೆ ಬಂದೇಬಿಟ್ಟಿತ್ತು. ಆದರೆ ಆ ಹೆಂಗಸು ನೋಡುತ್ತಿದ್ದದ್ದು ತನ್ನ ಕಾಲನ್ನು. ಓಣಿಯ ನಲ್ಲಿ ನೀರಿನ ರಾಡಿ ಹತ್ತಿತ್ತು. ಕಟ್ಟೆಯ ಮೂಲೆಗೆ ಕಾಲು ಉಜ್ಜಿ ಒಳಗೆ ಬಂದು ನೆಲದ ಮೇಲೆ ಕೂತಳು.

"ನಾ ದೇವಾಪುರದ ಹಣಮಮ್ಮರಿ. ಸುಮಲತಾನ ಅವ್ವ" ಎಂದಳು.

ಅವನು ಸೆಟೆದು ಕೂತ. ಕೃತಜ್ಞತೆ ಹೇಳಲು ಬಂದಿದ್ದಾಳೆ ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೆ ಆಮೇಲೆ ಎಷ್ಟೋ ಹೊತ್ತು ಮೈಯೆಲ್ಲ ಉರಿಯಿತು.

"ನಾಳೆ ಯಾದಗಿರ್ಯಾಗ ಆಕಿನ್ನ ಆರಿಸೋದೈತಂತರಿ, ಜಿಲ್ಲಾ ಟೀಮಿಗೆ. ಹೋಗಂಗಿಲ್ಲ ಅಂತ ಕುಂತಾಳ. ಮುಂಜಾನೆದ್ದು ಕುರಿ ಹೊಡ್ಕೊಂಡು ಹೋಗ್ಯಾಳ. ಶುಕ್ರವಾರ ಸೋತು ಬಂದಾಗೂ ಹಿಂಗ ಇರಲಿಲ್ರಿ ಆಕಿ. ಮೋಸ ಮಾಡ್ಯಾರ ಅವ್ವ, ಪೇಪರಿನವ್ರು ಬಾಜೂಕ ಇದ್ರು, ಬರೀತಾರ ನೋಡು ಅಂದಿದ್ಲು. ರೊಟ್ಟಿನೂ ತಿಂದ್ಲು. ನಿನ್ನಿ ಸಂಜಿಕಿ ನನ್ನ ತಮ್ಮ ಅಂಬರೀಶ ಹೋಟೆಲಿನಾಗ ಫೋನಿನಾಗ ಓದಿ ಹೇಳ್ಯಾನ್ರಿ. ಗೆರಿ ತುಳಿದ್ಲು, ಔಟಾದ್ಲು ಅಂತ ನೀವೇ ಬರ್ದೀರಂತ. ಗೆರಿ ಕಾಣಲಾರದಾಕಿ ಯಾದಗಿರಿಗಿ ಹೋಗಿ ಏನ್ ಮಾಡ್ತಾಳ ಅಂತ ಮಂದಿ ನಕ್ಕಾರ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದರ ಕೆಳಗ ಇನ್ನೂ ಏನೋ ಐತಿ, ಕೀಲಿ ಹಾಕ್ಯಾರ ಅಂದ ಅಂಬರೀಶ. ಅದಕ್ಕ ಬಂದೆರಿ. ಒಳಗ ಏನೈತಿ ಹೇಳ್ರಿ."

ಮರಿಲಿಂಗ ಫೋನು ತೆಗೆದು ಓದಿದ. ಹೊರಗಿನ ಎರಡು ಸಾಲನ್ನೂ ಓದಿದ: ಶಹಾಪುರ ತಂಡ ಒಂದು ಅಂಕದಿಂದ ಗೆದ್ದಿತು, ಕೊನೆಯ ರೇಡಿನಲ್ಲಿ ದೇವಾಪುರದ ಸುಮಲತಾ ಗೆರೆ ತುಳಿದು ಔಟಾದಳೆಂದು ಅಂಪಾಯರ್ ತೀರ್ಪು ಕೊಟ್ಟರು. ಆಮೇಲೆ ಕೀಲಿಯೊಳಗಿನದನ್ನು ಓದಿದ. ಮಾಳಿಗೆಯಿಂದ ಇಳಿದ ಸಪ್ನಾ ಬಾಗಿಲಿಗೆ ಆತು ನಿಂತು ಕೇಳಿದಳು. ಬರೆಯುವಾಗ ಅಷ್ಟು ಚೆಂದ ಕಂಡ ಸಾಲುಗಳು ಆ ಹೆಂಗಸಿನ ಮುಂದೆ ಓದುವಾಗ ದೊಡ್ಡ ಸದ್ದು ಮಾಡಿದವು. ಸುಣ್ಣದ ಮಾತು ಬಂದಾಗ ಹಣಮಮ್ಮ ತಲೆಯಾಡಿಸಿದಳು.

"ಇದನ್ನ ಹೊರಗಿಟ್ಟು ಅದನ್ನ ಒಳಗಿಡಾಕ ಬರತಿರಲಿಲ್ಲೇನ್ರಿ?" ಎಂದಳು.

ಅವನು ವಿವರಿಸತೊಡಗಿದ. ಮೊದಲು ಫಲಿತಾಂಶ ಬರೆಯಬೇಕು, ಯಾರು ಗೆದ್ದರು, ಯಾರು ಸೋತರು. ಆಮೇಲೆ ಅದು ಹೇಗಾಯಿತು ಎಂಬುದು. ಪೇಪರಿನ ರೂಢಿ ಹಾಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಲು ಅನುಕೂಲ. ಮಾತಾಡುತ್ತ ಹೋದಂತೆ ತನ್ನ ವೃತ್ತಿಯ ಮೊದಲ ಪಾಠ ಇಷ್ಟು ಪೊಳ್ಳಾಗಿ ಕೇಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಪೇಪರಿನಲ್ಲಿ ಮೇಲಿನದು ಓದಿದವನ ಕಣ್ಣಿಗೆ ಕೆಳಗಿನದೂ ಬೀಳುತ್ತಿತ್ತು. ಹೋಟೆಲಿನಲ್ಲಿ ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದರು, ಮಧ್ಯದಲ್ಲಿ ಯಾರೂ ಕೀಲಿ ಹಾಕುತ್ತಿರಲಿಲ್ಲ. ರೂಢಿ ಹಳೆಯದು, ಕೀಲಿ ಹೊಸದು. ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ ಎನ್ನಬಹುದಿತ್ತು. ಆದರೆ ಅವನು ಯೋಚಿಸಿದ್ದ. ಶನಿವಾರ ಸಂಜೆ, ಬರೆದು ಮುಗಿಸಿ ಗುಂಡಿ ಒತ್ತುವ ಮೊದಲು, ಸಾಹುಕಾರರಿಗೆ ಮೇಲಿನದಷ್ಟೇ ಓದುವ ಚಾಳಿ ಎಂಬುದು ಅವನ ತಲೆಗೆ ಬಂದಿತ್ತು. ಬಂದದ್ದನ್ನು ಅವನು ಓಡಿಸಲಿಲ್ಲ, ಕರೆದು ಕೂರಿಸಲೂ ಇಲ್ಲ. ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡ.

"ಕೀಲಿ ತಗೀತೀನ್ರಿ ಯವ್ವಾ, ಈಗಿಂದೀಗ" ಎಂದು ಗುಂಡಿ ಒತ್ತಿದ. ಒತ್ತಲು ಒಂದು ಗಳಿಗೆ ಸಾಕಾಯಿತು.

"ಆತೇನ್ರಿ?"

"ಆತು. ಈಗ ಎಲ್ಲಾರೂ ಓದಬಹುದು."

"ನಿನ್ನಿ ಓದಿದೋರು ಮತ್ತ ಓದ್ತಾರೇನ್ರಿ?"

ಆ ಎರಡು ಸಾಲನ್ನು ಯಾರೋ ಫೋಟೋ ಹೊಡೆದು ಊರ ಗುಂಪುಗಳಿಗೆಲ್ಲ ಹಾಕಿಯಾಗಿತ್ತು. ಆ ಫೋಟೋದ ಕೀಲಿ ಅವನ ಕೈಯಲ್ಲಿರಲಿಲ್ಲ. ಪೇಪರಾದರೆ ಮರುದಿನ ಅದೇ ಜಾಗದಲ್ಲಿ ತಿದ್ದುಪಡಿ ಹಾಕಬಹುದಿತ್ತು. ಇಲ್ಲಿ ಅದೇ ಜಾಗ ಎಂಬುದೇ ಇಲ್ಲ.

"ನೀವೇ ಬಂದು ಹೇಳ್ರಿ" ಎಂದಳು ಹಣಮಮ್ಮ. "ನಾ ಹೇಳಿದ್ರ ಅವ್ವ ಸಮಾಧಾನ ಮಾಡಾಕತ್ತಾಳ ಅಂತಾಳ."

ಮರಿಲಿಂಗ ಸಪ್ನಾಳ ಮುಖ ನೋಡಿದ. ಅವಳು ಗೂಟಕ್ಕಿದ್ದ ಅಂಗಿ ತಂದುಕೊಟ್ಟಳು.

ಬಸ್ಸಿನಲ್ಲಿ ಹಣಮಮ್ಮ ಹೆಂಗಸರ ಕಡೆ ಕೂತಳು. ಅವನಿಗೆ ಹಿಂದೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಲುವೆ ನೀರು ಹತ್ತಿದ ಹೊಲಗಳಲ್ಲಿ ಭತ್ತ, ಹತ್ತದ ಕಡೆ ಹತ್ತಿ. ಕಂಡಕ್ಟರ್ ಗುರುತು ಹಿಡಿದು, "ಪೇಪರ್ ಬಿಟ್ರಂತಲ್ರಿ ಸರ್" ಎಂದ. ಪೇಪರೇ ನನ್ನನ್ನು ಬಿಟ್ಟಿತು ಎಂದು ಹೇಳಬೇಕೆಂದುಕೊಂಡ, ಹೌದು ಎಂದ. ಪ್ರತಿ ಊರಲ್ಲೂ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ, ಪ್ರತಿ ಸಲ ಅವನು ಹೌದು ಎನ್ನುತ್ತಾನೆ. ಕಿಟಕಿಯ ಸರಳಿಗೆ ಹಣೆ ತಾಗಿಸಿ ಕಣ್ಣು ಮುಚ್ಚಿದರೆ ಶುಕ್ರವಾರದ ಅಂಕಣವೇ ಬಂತು. ಸೀಟಿ ಊದಿದ ಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಾಗಿದ್ದರು. ಅವನು ಬಾಯಿ ತೆರೆದಿದ್ದ. ಇಲ್ರಿ, ಕಾಲು ಒಳಗೈತಿ ಎಂಬ ಮಾತು ನಾಲಿಗೆಯ ಮೇಲೆ ಬಂದಿತ್ತು, ಅದರ ಉಪ್ಪು ಕೂಡ ಅವನಿಗೆ ಗೊತ್ತಾಗಿತ್ತು. ಆಗ ಅದನ್ನು ತಡೆದದ್ದು ಸಾಹುಕಾರರ ಭಯ ಎಂದೇ ಇಷ್ಟು ಹೊತ್ತೂ ಅಂದುಕೊಂಡಿದ್ದ. ಭಯವಾದರೂ ಒಂದು ಮಾನವಂತ ಕಾರಣ, ಹೆಂಡತಿ ಮಕ್ಕಳಿರುವವರಿಗೆ ಭಯ ಇರುತ್ತದೆ. ಅದಲ್ಲ. ಇದು ನನ್ನೊಬ್ಬನ ಸುದ್ದಿ ಎಂದು ಅವನಿಗೆ ಅನಿಸಿತ್ತು. ಬೇರೆ ಯಾರೂ ನೋಡಿಲ್ಲ. ಇಲ್ಲಿ ಕೂಗಿಬಿಟ್ಟರೆ ಎಲ್ಲರ ಬಾಯಿಗೂ ಹೋಗುತ್ತದೆ, ನಾಳೆ ಕೀಲಿಯೊಳಗೆ ಇಡಲು ಏನೂ ಉಳಿಯುವುದಿಲ್ಲ. ಹುಡುಗಿ ಒಂಟಿ ಕಾಲಲ್ಲಿ ನಿಂತಿದ್ದಾಗ ಅವನು ಮೊದಲ ಸಾಲನ್ನು ಯೋಚಿಸುತ್ತಿದ್ದ. ಬಸ್ಸು ಉಬ್ಬಿನ ಮೇಲೆ ಹಾರಿ ಹಣೆ ಸರಳಿಗೆ ಬಡಿಯಿತು. ಪಕ್ಕದವನು, "ನೋಡಿ ಕುಂದರ್ರಿ" ಎಂದ.

ದೇವಾಪುರದ ಬಸ್ ನಿಲ್ಲುವ ಕಡೆಯೇ ಬಸ್ಸಮ್ಮನ ಹೋಟೆಲ್. ಅದರ ಗೋಡೆಯನ್ನು ಕಂಡು ಮರಿಲಿಂಗನ ಕಾಲು ನಿಂತವು. ಊರಿನ ಹೆಸರು ಬಂದ ಪೇಪರ್ ಪುಟವನ್ನು ಮೈದಾ ಅಂಟಿನಿಂದ ಅಲ್ಲಿ ಹಚ್ಚುವ ರೂಢಿ ಅವನಿಗೆ ಗೊತ್ತಿತ್ತು. ಹೊಗೆ ಹಿಡಿದು ಕಂದಾದ ಪುಟಗಳು ಇನ್ನೂ ಇದ್ದವು. ದೇವಾಪುರದ ಪೈಲ್ವಾನರು, ದೇವಾಪುರದ ವಾಲಿಬಾಲ್ ತಂಡ, ಎಲ್ಲವೂ ‘ನಮ್ಮ ವರದಿಗಾರ’ ಬರೆದದ್ದು. ತೀರ ಈಚಿನ ಪುಟ ಎಷ್ಟೋ ವರ್ಷದ ಹಿಂದಿನದು. ಅದರ ಪಕ್ಕ ಗೋಡೆ ಖಾಲಿ ಇತ್ತು. ಬೆಂಚಿನ ಮೇಲೆ ನಾಲ್ಕಾರು ಜನ ಕೂತಿದ್ದರು, ಅವರಲ್ಲಿ ಒಬ್ಬ ಎದ್ದು ಕೈಮುಗಿದ. ಹಣಮಮ್ಮನ ತಮ್ಮ ಅಂಬರೀಶ ಅವನೇ.

"ಬರ್ರಿ ಸರ್. ನೋಡ್ರಪ್ಪ, ಕೆಳಗ ಇನ್ನೂ ಏನೋ ಐತಿ ಅಂದಿದ್ನಲ್ಲ, ಬರ್ದೋರೇ ಬಂದಾರ" ಎಂದ. ಅಕ್ಕನ ಮಗಳನ್ನು ಆಡಿಕೊಂಡ ಕೊಂಕು ಅವನ ದನಿಯಲ್ಲಿರಲಿಲ್ಲ. ಫೋನಿನಲ್ಲಿ ಕಂಡದ್ದನ್ನು ಓದಿದ ಮನುಷ್ಯ, ಅಷ್ಟೇ. ಬೇರೆಯವರ ತಪ್ಪು ಹುಡುಕಿಕೊಂಡು ಬಂದ ಮರಿಲಿಂಗನಿಗೆ ಅದೂ ಸಿಗಲಿಲ್ಲ.

ಮರಿಲಿಂಗ ನಿಂತುಕೊಂಡೇ ಪೂರ್ತಿ ವರದಿಯನ್ನು ಜೋರಾಗಿ ಓದಿದ. ಹಿಂದೆ ಇಂಥ ಕಡೆ ಬೇರೆಯವರು ತನ್ನದನ್ನು ಓದುವುದನ್ನು ಮೂಲೆಯಲ್ಲಿ ಕೂತು ಕೇಳಿ ಒಳಗೊಳಗೇ ಹಿಗ್ಗಿದವನು. ತಾನೇ ಓದಿದ್ದು ಇದೇ ಮೊದಲು. ಜನ ಚಹಾ ಹೀರುತ್ತ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಒಬ್ಬ ಮುದುಕ ಬೀಡಿ ಆರಿಸಿ, "ಛಲೋ ಮಾಡಿದ್ರಿ. ಅವ್ವ ಬಸ್ಸಿಡಿದು ಹೋಗಿ ಹೇಳಿಸ್ಕೊಂಡು ಬಂದಾಳಂದ್ರ ನಿಮಗೂ ಇಲ್ಲಾ ಅನ್ನಾಕ ಬರಂಗಿಲ್ಲ" ಎಂದ. ಉಳಿದವರು ಹೌದೆಂಬಂತೆ ಹಣಮಮ್ಮನ ಕಡೆ ನೋಡಿದರು.

"ಹೇಳಿಸಿದ್ದಲ್ರಿ. ಕಣ್ಣಿಲೆ ನೋಡೀನಿ, ನಿನ್ನೀನೇ ಬರದೀನಿ" ಎಂದ ಮರಿಲಿಂಗ.

"ಇರಲಿ ತಗೋರಿ" ಎಂದ ಮುದುಕ. ಅವನ ದನಿಯಲ್ಲಿ ಕ್ಷಮೆ ಇತ್ತು. ಮರಿಲಿಂಗನಿಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ನಿನ್ನೆ ಹೇಳಿದ್ದರೆ ಸತ್ಯವಾಗುತ್ತಿದ್ದದ್ದು ಇವತ್ತು ಹೇಳಿದ್ದರಿಂದ ದಾಕ್ಷಿಣ್ಯವಾಗಿತ್ತು. ಅಕ್ಷರ ಒಂದೂ ಬದಲಾಗಿರಲಿಲ್ಲ. ಬಸ್ಸಮ್ಮ ಅವನ ಕೈಗೂ ಒಂದು ಚಹಾ ಕೊಟ್ಟಳು, ಅವನು ಸುಡುಸುಡು ಕುಡಿದ.

ಸುಮಲತಾ ಕಾಲುವೆಯ ಆಚೆ ಇದ್ದಳು. ಬೆಳೆ ತೆಗೆದ ಹೊಲದಲ್ಲಿ ಕುರಿ ಬಿಟ್ಟು, ಏರಿಯ ಮೇಲೆ ಕೋಲು ಹಿಡಿದು ನಿಂತಿದ್ದಳು. ಹಣಮಮ್ಮ ದೂರದಲ್ಲೇ ಬೇಲಿಯ ನೆರಳಿಗೆ ಕೂತು, "ನೀವು ಹೋಗ್ರಿ" ಎಂದಳು. ಕೂಳೆ ಚುಚ್ಚುವ ಹೊಲದಲ್ಲಿ ಅವನು ಬೂಟುಗಾಲಿನಲ್ಲಿ ಎಡವುತ್ತ ನಡೆದ. ಹುಡುಗಿ ಅವನನ್ನು ಕಂಡು ಕುರಿಯ ಕಡೆ ತಿರುಗಿದಳು, ಓಡಿಹೋಗಲಿಲ್ಲ. ಹತ್ತಿರದಿಂದ ನೋಡಿದರೆ ಇನ್ನೂ ಚಿಕ್ಕವಳು. ಅಂಕಣದಲ್ಲಿ ಎಷ್ಟು ದೊಡ್ಡವಳಾಗಿ ಕಂಡಿದ್ದಳು ಎಂದು ಅವನಿಗೆ ಆಶ್ಚರ್ಯವಾಯಿತು.

"ಸುಮಲತಾ, ನಾ ಮರಿಲಿಂಗ."

"ಗೊತ್ತೈತ್ರಿ ಸರ."

"ಎರಡ ಸಾಲು ಅಷ್ಟ ಕಂಡಾವ ಮಂದಿಗೆ. ಒಳಗ ಪೂರ್ತಿ ಬರದೀನಿ. ನಿನ್ನ ಕಾಲು ಗೆರಿ ಮುಟ್ಟಿಲ್ಲ ಅಂತ."

"ಗೊತ್ತೈತ್ರಿ. ನನ್ನ ಕಾಲು ನನಗ ಗೊತ್ತಾಗಂಗಿಲ್ಲೇನ್ರಿ."

ಅವನು ಅದಕ್ಕೆ ಸಿದ್ಧನಾಗಿರಲಿಲ್ಲ. ಅವಳಿಗೆ ಬೇಕಾದ ಸುದ್ದಿಯನ್ನು ಹೊತ್ತು ಬಂದಿದ್ದೇನೆ ಎಂದುಕೊಂಡಿದ್ದ. "ನೀ ಅಂಪಾಯರಿಗೆ ಅಂಗಾಲ ತೋರಿಸಿದಾಗ ನಾನೂ ನೋಡೀನಿ" ಎಂದ. "ಸುಣ್ಣ ಇರಲಿಲ್ಲ. ಅದನ್ನೂ ಬರದೀನಿ."

ಹುಡುಗಿ ಮೊದಲ ಬಾರಿಗೆ ಅವನ ಮುಖ ನೋಡಿದಳು.

"ಅಂಪಾಯರಿಗಲ್ರಿ. ಅವರು ಆಚಿ ಕಡಿ ಗೆರಿ ಹಂತ್ಯಾಕ ಇದ್ರು. ನಾ ನಿಮಗ ತೋರಿಸಿದ್ದೆ."

ಶುಕ್ರವಾರದ ಅಂಕಣ ಮತ್ತೆ ಕಣ್ಣ ಮುಂದೆ ಬಂದು, ಈ ಸಲ ಸರಿಯಾಗಿ ನಿಂತಿತು. ಅಂಪಾಯರ್ ಎದುರು ಬದಿಯಲ್ಲಿದ್ದ. ವೇದಿಕೆ ಅವಳ ಬೆನ್ನ ಹಿಂದಿತ್ತು. ಎತ್ತಿದ ಕಾಲು ತಿರುಗಿದ್ದು ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತ ಒಬ್ಬನ ಕಡೆಗೆ. ಅಷ್ಟು ಸ್ಪಷ್ಟವಾಗಿ ಅಂಗಾಲು ಕಂಡದ್ದು ಅವನೊಬ್ಬನಿಗೆ, ಯಾಕೆಂದರೆ ಅದನ್ನು ತೋರಿಸಿದ್ದೇ ಅವನೊಬ್ಬನಿಗೆ. ಅಂಪಾಯರನಿಗೆ ತೋರಿಸಿದಳು ಎಂದು ತನ್ನ ವರದಿಯಲ್ಲಿ ಅವನು ಅದನ್ನೂ ತಪ್ಪಾಗಿ ಬರೆದಿದ್ದ.

"ಪೇಪರಿನವ್ರು ಇಲ್ಲೇ ಕುಂತಾರ, ಒಂದ ಮಾತು ಹೇಳ್ತಾರ ಅಂದ್ಕೊಂಡೆ" ಎಂದಳು ಸುಮಲತಾ. ಅವಳ ದನಿಯಲ್ಲಿ ಜಗಳವಿರಲಿಲ್ಲ. "ನೀವು ಫೋನ್ ನೋಡ್ಕೋತ ಕುಂತ್ರಿ."

ಒಂದು ಕುರಿ ಏರಿ ಹತ್ತಿ ಕಾಲುವೆಯ ಕಡೆ ಹೊರಟಿತು. ಅವಳು ನಾಲಿಗೆಯಿಂದ ಒಂದು ಸದ್ದು ಮಾಡಿದಳು, ಅದು ಹಿಂದಕ್ಕೆ ಬಂತು. ತಪ್ಪಾಯಿತು ಎಂದು ಹೇಳಬೇಕೆಂದು ಅವನಿಗೆ ಬಹಳ ಅನಿಸಿತು. ಆದರೆ ಹೇಳಿದರೆ ಅವಳು ಇರಲಿ ಬಿಡ್ರಿ ಎನ್ನಬೇಕಾಗುತ್ತದೆ. ಆ ಹುಡುಗಿಯಿಂದ ಈ ವಾರ ಸಾಕಷ್ಟು ಕಾಲು ಮುಟ್ಟಿಸಿಯಾಗಿದೆ ಎಂದು ಸುಮ್ಮನಾದ.

"ನಾಳೆ ಯಾದಗಿರಿಗೆ ಹೋಗವಾ" ಎಂದ. "ನಿನ್ನಂಗ ರೇಡ್ ಹೋಗೋರು ಈ ಜಿಲ್ಲಾದಾಗ ಇಲ್ಲ. ನಾ ಹೊಗಳಾಕ ಹೇಳ್ತಿಲ್ಲ."

ಅವಳು ಬೇಲಿಯ ನೆರಳಿನ ಕಡೆ ನೋಡಿದಳು. ಹಣಮಮ್ಮ ಚೀಲದಿಂದ ಬುತ್ತಿ ತೆಗೆದು ಬಿಚ್ಚುತ್ತಿದ್ದಳು, ಇತ್ತ ನೋಡುತ್ತಲೇ ಇರಲಿಲ್ಲ, ಅಥವಾ ನೋಡದಂತೆ ಕೂತಿದ್ದಳು.

"ಹೋಗ್ತೀನ್ರಿ" ಎಂದಳು ಸುಮಲತಾ. "ಅವ್ವ ಸುರಪುರತನ ಹೋಗಿ ನಿಮ್ಮನ್ನ ಎಳಕೊಂಡು ಬಂದಾಳಂದ ಮ್ಯಾಲೆ ಹೋಗಲೇಬೇಕು."

ಮರಿಲಿಂಗ ಕೂಳೆ ದಾಟಿ ಒಂದು ಹೆಜ್ಜೆ ಮುಂದೆ ಬಂದ. "ಛಲೋ ಆತು. ನಾ ಮುಂಜಾನೆ ಮೊದಲ ಬಸ್ಸಿಗೆ ಅಲ್ಲಿರ್ತೀನಿ. ಈ ಸಲ ಕೀಲಿ ಗೀಲಿ ಏನಿಲ್ಲ."

"ನೀವು ಬರಬ್ಯಾಡ್ರಿ" ಎಂದಳು ಅವಳು.

ಅವನು ನಿಂತೇ ಇದ್ದ.

"ಸಿಟ್ಟಿಲೆ ಅನ್ನಾಕತ್ತಿಲ್ರಿ. ನೀವು ಗೆರಿ ಬಾಜೂಕ ಕುಂತಿದ್ರ ನನಗ ಮತ್ತ ಕಾಲೆತ್ತಿ ತೋರಿಸಬೇಕು ಅನಸ್ತೈತಿ. ಅದಕ್ಕ."

ಅವಳು ಕೋಲು ತಿರುಗಿಸಿಕೊಂಡು ಕುರಿಗಳನ್ನು ಆಚೆ ಹೊಲಕ್ಕೆ ಹೊಡೆದಳು. ಒಣ ಮಣ್ಣಿನಲ್ಲಿ ಅವಳ ಬರಿಗಾಲು ಏಳುತ್ತ ಊರುತ್ತ ಹೋಗುವುದನ್ನು ಮರಿಲಿಂಗ ನೋಡುತ್ತ ನಿಂತ. ಜೇಬಿನಲ್ಲಿ ಫೋನು ಗುಯ್ಯೆಂದಿತು, ತೆಗೆಯಲಿಲ್ಲ. ರೂಢಿಯಂತೆ ತಲೆಯೊಳಗೆ ಮೊದಲು ಫಲಿತಾಂಶದ ಸಾಲು ತಾನಾಗಿಯೇ ಮೂಡಿತು: ದೇವಾಪುರದ ಸುಮಲತಾ ನಾಳೆ ಯಾದಗಿರಿಗೆ ಹೋಗುತ್ತಾಳೆ. ಅದರ ಕೆಳಗಿನದನ್ನು ಬರೆಯಲು ಅವನಿಗೆ ಆಗಲಿಲ್ಲ.